ಎಲ್ಲಾ ತಿಳೀತದೆ ಅಂದಮೇಲೆ ಸರಪಳಿ ಯಾಕೆ?

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ನಾಯಿ ಸಾಕಿಕೊಂಡಿರುವ ಎಲ್ಲ ಮನೆಯವರಿಗೆ,



ನಮ್ಮ ಕಡೆ ನಾಯಿಯಿರುವ ಯಾವ ಮನೆಗೆ ಹೋದರೂ ಚಹಾ ಬರುವಷ್ಟರಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಎಲ್ಲಾ ತಿಳೀತದೆ ಇದಕ್ಕೆ, ಮಾತೊಂದು ಬರೂದಿಲ್ಲ.’ ಮಾಜಾಳಿಯಿಂದ ಮಂಜಗುಣಿಯವರೆಗೂ ಇದೇ ಮಾತು. ಯಜಮಾನರ ಸ್ಕೂಟರ್ ತಿರುವಿಗೆ ಬರುವ ಮೊದಲೇ ಗೇಟಿಗೆ ಓಡುವ ನಾಯಿ, ಮೀನು ಮಾರುವವಳ ಕೂಗು ಕೇಳಿದರೆ ಬಾಲ ಅಲ್ಲಾಡಿಸಿ ಕರೆಂಟ್ ಬಿಲ್ಲಿನವನನ್ನು ಕಂಡರೆ ಹರಿಹಾಯುವ ನಾಯಿ, ಅಜ್ಜಿ ಹಾಸಿಗೆ ಹಿಡಿದ ದಿನ ಅನ್ನ ಮುಟ್ಟದ ನಾಯಿ. ಒಂದೊಂದು ಮನೆಗೆ ಒಂದೊಂದು ಕತೆ. ಈ ಕತೆಗಳನ್ನು ನಾನು ನಂಬುತ್ತೇನೆ. ನಂಬುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಏಕೆಂದರೆ ಎಷ್ಟೋ ಮನೆಗಳಲ್ಲಿ, ಹೊಗಳಿಸಿಕೊಂಡ ಆ ಜೀವ ಅದೇ ಹೊತ್ತಿನಲ್ಲಿ ಹಿತ್ತಲಿನ ತೆಂಗಿನಮರಕ್ಕೆ ಮೊಳದುದ್ದದ ಸರಪಳಿಯಲ್ಲಿ ಕಟ್ಟಿಸಿಕೊಂಡು ನಿಂತಿರುತ್ತದೆ. ಬೆಳಗಿನ ಗಂಜಿ ಅಲ್ಲೇ, ರಾತ್ರಿಯ ನಿದ್ದೆಯೂ ಅಲ್ಲೇ. ಎಲ್ಲ ತಿಳಿಯುತ್ತದೆ ಎಂದು ಹೇಳುವವರು ನಾವೇ, ಏನೂ ತಿಳಿಯದ ವಸ್ತುವಿನಂತೆ ಕಟ್ಟಿಹಾಕುವವರೂ ನಾವೇ. ಎರಡರಲ್ಲಿ ಯಾವುದು ನಿಜ ಎಂಬುದನ್ನು ನಾವೆಲ್ಲ ಸೇರಿ ಯೋಚಿಸಬೇಕೆಂದು ನನ್ನ ಕೋರಿಕೆ.

ಮೊದಲು ಶಿರೂರಿನ ಮಾತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಚಹಾಕ್ಕೆಂದು ನಿಂತ ಲಾರಿಗಳು ಎಲ್ಲವನ್ನೂ ಮಣ್ಣು ಗಂಗಾವಳಿಯ ಕಡೆಗೆ ನೂಕಿಕೊಂಡು ಹೋಯಿತು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಒಟ್ಟು 11 ಜನ ಹೋದರು. ಅವರಲ್ಲೊಬ್ಬನಾದ ಕೇರಳದ ಲಾರಿ ಚಾಲಕನ ದೇಹ ಲಾರಿಯ ಸಮೇತ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಸೇನೆ, ನೌಕಾಪಡೆ, ಡ್ರೋನ್, ರೇಡಾರ್, ಗೋವಾದಿಂದ ಬಂದ ಡ್ರೆಜರ್ ಎಲ್ಲವೂ ಸುದ್ದಿಯಲ್ಲಿದ್ದ ಆ ದಿನಗಳಲ್ಲಿ ಒಂದು ನಾಯಿಯೂ ಸುದ್ದಿಯಾಯಿತು. ಅಂಗಡಿಯವರ ಮನೆಯ ನಾಯಿ. ತನ್ನವರು ಇದ್ದ ಜಾಗದ ಸುತ್ತ ಅದು ದಿನಗಟ್ಟಲೆ ಮಣ್ಣು ಮೂಸುತ್ತ ತಿರುಗಿದ್ದನ್ನು ನೀವೆಲ್ಲ ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಿದ್ದೀರಿ. ಆಮೇಲೆ ಆಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ ಅದನ್ನು ಸಾಕಲು ತೆಗೆದುಕೊಂಡರೆಂಬ ಸುದ್ದಿ ಬಂದಾಗ ಎಷ್ಟೋ ಜನ ನಿಟ್ಟುಸಿರು ಬಿಟ್ಟರು.

ಆ ದೃಶ್ಯವನ್ನು ನಾವು ‘ನಿಯತ್ತು’ ಎಂದು ಕರೆದು ಕಣ್ಣೊರೆಸಿಕೊಂಡೆವು. ನಿಯತ್ತು ಹೌದು, ಆದರೆ ಅದರೊಳಗೆ ಬುದ್ಧಿಯ ಕೆಲಸವೂ ಇತ್ತು. ಅಂಗಡಿ ಇರಲಿಲ್ಲ, ರಸ್ತೆ ಇರಲಿಲ್ಲ, ಗುಡ್ಡದ ಆಕಾರವೇ ಬದಲಾಗಿತ್ತು. ಕಣ್ಣಿಗೆ ಗುರುತು ಹಿಡಿಯಲು ಏನೂ ಉಳಿಯದ ಜಾಗದಲ್ಲಿ ‘ಇದೇ ನಮ್ಮ ಮನೆಯ ಜಾಗ’ ಎಂದು ಅದು ಗೊತ್ತುಮಾಡಿಕೊಂಡಿತ್ತು. ಸಾವು ಎಂದರೇನೆಂದು ಅದಕ್ಕೆ ತಿಳಿದಿತ್ತೆಂದು ನಾನು ಹೇಳಲಾರೆ. ತನ್ನವರು ಯಾರು, ಅವರು ಎಲ್ಲಿರಬೇಕಿತ್ತು, ಈಗ ಅಲ್ಲಿಲ್ಲ ಎನ್ನುವ ಮೂರು ವಿಷಯ ಮಾತ್ರ ಅದಕ್ಕೆ ಸ್ಪಷ್ಟವಾಗಿತ್ತು.

ಇದಕ್ಕೂ ನಾಲ್ಕು ವರ್ಷ ಮೊದಲು, 2020ರ ಆಗಸ್ಟ್‌ನಲ್ಲಿ, ಕೇರಳದ ಇಡುಕ್ಕಿ ಜಿಲ್ಲೆಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕಾರ್ಮಿಕರ ಲೈನ್ ಮನೆಗಳ ಮೇಲೆ ಗುಡ್ಡ ಜಾರಿತ್ತು. ಅಲ್ಲಿ ಕುವಿ ಎಂಬ ಸಾಕುನಾಯಿ ತನ್ನ ಮನೆಯ ಎರಡು ವರ್ಷದ ಮಗುವನ್ನು ಹುಡುಕುತ್ತ ಹೊಳೆಯಗುಂಟ ಇಳಿಯಿತು. ಶೋಧ ತಂಡದವರು ಅದು ನಿಂತ ಕಡೆ ನೋಡಿದಾಗ ಮಗುವಿನ ದೇಹ ಅಲ್ಲಿ ಮರಕ್ಕೆ ಸಿಕ್ಕಿಕೊಂಡಿತ್ತು. ಕುವಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಯಾವ ತಳಿಯ ಸರ್ಟಿಫಿಕೇಟೂ ಅದಕ್ಕಿರಲಿಲ್ಲ. ನಿಮ್ಮ ಅಂಗಳದಲ್ಲಿರುವಂಥದ್ದೇ ಊರುನಾಯಿ.

ಇದೆಲ್ಲ ಆಗುವುದು ಮೂಗಿನಿಂದ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50-60 ಲಕ್ಷ. ನಾಯಿಯಲ್ಲಿ ತಳಿಗೆ ತಕ್ಕಂತೆ 20 ಕೋಟಿಯನ್ನೂ ದಾಟುತ್ತವೆ. ಸಂಜೆ ರಸ್ತೆಗೆ ಕರೆದೊಯ್ದಾಗ ಒಂದು ಕಂಬದ ಬುಡದಲ್ಲಿ ಅದು ನಿಮಿಷಗಟ್ಟಲೆ ನಿಂತುಬಿಟ್ಟರೆ ನಾವು ಹಗ್ಗ ಜಗ್ಗುತ್ತೇವೆ. ಅದು ಆ ಹೊತ್ತಿನಲ್ಲಿ ದಿನಪತ್ರಿಕೆ ಓದುತ್ತಿರುತ್ತದೆ: ಯಾವ ನಾಯಿ ಬಂದಿತ್ತು, ಗಂಡೋ ಹೆಣ್ಣೋ, ಎಷ್ಟು ಹೊತ್ತಿನ ಕೆಳಗೆ, ಯಾವ ದಿಕ್ಕಿಗೆ ಹೋಯಿತು. ಶಿರೂರಿನ ದುರಂತ ನಡೆದ ಜುಲೈ ತಿಂಗಳಲ್ಲೇ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಪೊಲೀಸ್ ಶ್ವಾನ ‘ತುಂಗಾ 2’ ಮಾಡಿದ ಕೆಲಸ ನೆನಪಿಸಿಕೊಳ್ಳಿ. ಕೊಲೆ ನಡೆದ ಜಾಗದಲ್ಲಿ ಸಿಕ್ಕ ವಾಸನೆ ಹಿಡಿದು ಆ ಡಾಬರ್‌ಮನ್ ಸುಮಾರು 8 ಕಿಲೋಮೀಟರ್ ಓಡಿ ಒಂದು ಮನೆಯ ಮುಂದೆ ನಿಂತಿತು. ಒಳಗೆ ಆರೋಪಿ ತನ್ನ ಹೆಂಡತಿಯನ್ನು ಹೊಡೆಯುತ್ತಿದ್ದ. ಒಂದು ಕೊಲೆ ಪತ್ತೆಯಾಯಿತು, ಇನ್ನೊಂದು ತಪ್ಪಿತು. ತುಂಗಾಗೆ ಸಿಕ್ಕಿದ್ದು ತರಬೇತಿ ಮತ್ತು ಜೊತೆಗೊಬ್ಬ ಹ್ಯಾಂಡ್ಲರ್. ಮೂಗು ನಮ್ಮ ಹಿತ್ತಲಿನ ನಾಯಿಗೂ ಇದೆ. ಅದಕ್ಕೆ ನಾವು ಮೂಸಲು ಕೊಟ್ಟಿರುವುದು ಮೊಳದುದ್ದದ ಒಂದೇ ವೃತ್ತ.

ಮೂಗಿಗಿಂತಲೂ ನನಗೆ ಹೆಚ್ಚು ಆಶ್ಚರ್ಯದ ಸಂಗತಿ ನಾಯಿಗಳು ನಮ್ಮನ್ನು ಓದುವ ರೀತಿ. ನೀವು ಬೆರಳು ತೋರಿಸಿದರೆ ನಾಯಿ ಬೆರಳನ್ನು ಬಿಟ್ಟು, ತೋರಿಸಿದ ಕಡೆ ನೋಡುತ್ತದೆ. ಇದು ಸಣ್ಣ ಸಂಗತಿ ಎನಿಸಬಹುದು. ಆದರೆ 2002ರಲ್ಲಿ ಬ್ರಯಾನ್ ಹೇರ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ನಮ್ಮ ಹತ್ತಿರದ ಸಂಬಂಧಿ ಚಿಂಪಾಂಜಿ ಈ ವಿಷಯದಲ್ಲಿ ನಾಯಿಯ ಹಿಂದೆ ಬಿತ್ತು, ಮನುಷ್ಯರ ಕೈಯಲ್ಲಿ ಬೆಳೆದ ತೋಳವೂ ಹಿಂದೆ ಬಿತ್ತು. ಹಂಗೇರಿಯ ಆಡಮ್ ಮಿಕ್ಲೋಷಿಯವರ ತಂಡ 2003ರಲ್ಲಿ ಇನ್ನೊಂದು ಪ್ರಯೋಗ ಮಾಡಿತು: ತೆಗೆಯಲು ಬಾರದಂತೆ ಮುಚ್ಚಿದ ಪಾತ್ರೆಯಲ್ಲಿ ತಿಂಡಿಯಿಟ್ಟು ಬಿಟ್ಟರು. ತೋಳ ಕೊನೆಯವರೆಗೆ ತಾನೇ ಗುದ್ದಾಡಿತು. ನಾಯಿ ಸ್ವಲ್ಪ ಹೊತ್ತು ಪ್ರಯತ್ನಿಸಿ ತಿರುಗಿ ಮನುಷ್ಯನ ಮುಖ ನೋಡಿತು. ನಿಮ್ಮ ನಾಯಿ ಸೋಫಾದಡಿ ಹೋದ ಚೆಂಡನ್ನೊಮ್ಮೆ, ನಿಮ್ಮನ್ನೊಮ್ಮೆ ನೋಡುತ್ತದಲ್ಲ, ಅದೇ ನೋಟ. ಕನಿಷ್ಠ 15 ಸಾವಿರ ವರ್ಷ ನಮ್ಮ ಜೊತೆ ಬಾಳಿದ್ದರ ಫಲ ಅದು. ಯಾರಿಂದ ಯಾವ ಕೆಲಸ ಆಗುತ್ತದೆಂದು ತಿಳಿದು ಅವರನ್ನೇ ಕೇಳುವುದೂ ಜಾಣತನವೇ.

ಇದು ವಿದೇಶದ ಜಾತಿನಾಯಿಗಳ ವಿದ್ಯೆ ಎಂದುಕೊಳ್ಳಬೇಡಿ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ಬಳಗ ವರ್ಷಗಳಿಂದ ನಮ್ಮ ದೇಶದ ಬೀದಿನಾಯಿಗಳನ್ನೇ ಅಭ್ಯಾಸ ಮಾಡುತ್ತಿದೆ. ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಚ್ಚಿದ ಎರಡು ಬಟ್ಟಲಿಟ್ಟು ದೂರದಿಂದಲೇ ಒಂದರ ಕಡೆ ಕೈ ತೋರಿಸಿದರು. ಅಪರಿಚಿತರೆಂದು ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರ ಬರಲಿಲ್ಲ. ಬಂದವುಗಳಲ್ಲಿ 100ಕ್ಕೆ 80ರಷ್ಟು ತೋರಿಸಿದ ಬಟ್ಟಲಿಗೇ ಹೋದವು. ಯಾರ ಮನೆಯಲ್ಲೂ ಬೆಳೆಯದ, ಯಾರೂ ಕಲಿಸದ ನಾಯಿಗಳು ಇವು. ಅದೇ ಬಳಗದ ಇನ್ನೊಂದು ಅಧ್ಯಯನದಲ್ಲಿ, ಬೀದಿನಾಯಿಗಳ ವಿಶ್ವಾಸ ಗಳಿಸಲು ಮತ್ತೆ ಮತ್ತೆ ತಿಂಡಿ ಹಾಕುವುದಕ್ಕಿಂತ ತಲೆ ಸವರುವುದೇ ಹೆಚ್ಚು ಕೆಲಸ ಮಾಡಿತು. ಹಾಗಾಗಿ ‘ನಮ್ಮದು ಬರೀ ಊರುನಾಯಿ’ ಎಂದು ಸಂಕೋಚಪಡುವ ಮನೆಯವರು ಆ ‘ಬರೀ’ಯನ್ನು ಬಿಟ್ಟುಬಿಡಬಹುದು.

ನಮ್ಮನ್ನು ಓದುವ ಈ ಶಕ್ತಿಯಿಂದಲೇ ಒಂದು ಅನ್ಯಾಯವೂ ನಡೆಯುತ್ತದೆ. ಕೆಲಸ ಮುಗಿಸಿ ಬರುತ್ತೀರಿ, ಚಪ್ಪಲಿ ಚೂರಾಗಿ ಬಿದ್ದಿರುತ್ತದೆ, ನಾಯಿ ಕಿವಿ ಹಿಂದಕ್ಕೆ ಮಡಚಿ, ಬಾಲ ಒಳಗೆಳೆದುಕೊಂಡು, ಕಣ್ಣು ತಪ್ಪಿಸುತ್ತದೆ. ‘ತಪ್ಪು ಮಾಡಿದ್ದು ಗೊತ್ತು ಅದಕ್ಕೆ, ಮುಖ ನೋಡು’ ಎಂದು ಎರಡೇಟು ಬೀಳುತ್ತದೆ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಪ್ಪು ಮಾಡಿದ ನಾಯಿಯೂ ಮಾಡದ ನಾಯಿಯೂ ಬೈಸಿಕೊಂಡಾಗ ಒಂದೇ ರೀತಿಯ ಮುಖ ಮಾಡಿದವು. ತಪ್ಪೇ ಮಾಡದೆ ಬೈಸಿಕೊಂಡವುಗಳ ಮುಖ ಇನ್ನಷ್ಟು ಸಣ್ಣಗಾಗಿತ್ತು. ಅಂದರೆ ಅದು ಓದುತ್ತಿರುವುದು ಬೆಳಿಗ್ಗೆ ಹಾಳಾದ ಚಪ್ಪಲಿಯನ್ನಲ್ಲ, ಈಗ ಕೆಂಪಾದ ನಿಮ್ಮ ಮುಖವನ್ನು. ನಾಲ್ಕು ತಾಸಿನ ಹಿಂದಿನ ತಪ್ಪಿಗೆ ಈಗ ಹೊಡೆದರೆ ಅದು ಕಲಿಯುವ ಪಾಠ ಒಂದೇ: ಮನೆಯವರು ಬಾಗಿಲು ತೆರೆದು ಬಂದರೆ ಭಯಪಡಬೇಕು.

ಮಾತಿನ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯ ನಾಯಿಗಳಿಗೆ ಬೇರೆ ಊರಿನ ನಾಯಿಗಳಿಗಿಲ್ಲದ ಪರೀಕ್ಷೆಯಿದೆ. ಕಾರವಾರದ ಮನೆಯಲ್ಲಿ ಅಜ್ಜಿ ‘ಹಾಂಗಾ ಯೋ’ ಎನ್ನುತ್ತಾಳೆ, ಶಾಲೆಯ ಮಗ ‘ಬಾ ಇಲ್ಲಿ’ ಎನ್ನುತ್ತಾನೆ, ಪಕ್ಕದ ಮನೆಯ ನೌಕಾನೆಲೆಯವರು ಹಿಂದಿಯಲ್ಲಿ ಕರೆಯುತ್ತಾರೆ, ಸದಾಶಿವಗಡದ ಕಡೆಯಿಂದ ಬಂದ ನೆಂಟರು ಮರಾಠಿಯಲ್ಲಿ ಮುದ್ದಿಸುತ್ತಾರೆ. ನಾಯಿ ನಾಲ್ವರ ಹತ್ತಿರವೂ ಹೋಗುತ್ತದೆ. ಬುಡಾಪೆಸ್ಟಿನಲ್ಲಿ ಲೌರಾ ಕುವಾಯಾ ಎಂಬ ಸಂಶೋಧಕಿ, ಮೆಕ್ಸಿಕೋದಿಂದ ತನ್ನ ನಾಯಿಯನ್ನು ಜೊತೆಗೆ ಕರೆದುಕೊಂಡು ಹೋದವರು, ಹೊಸ ದೇಶದ ಮಾತು ಬೇರೆಯೆಂದು ಇದಕ್ಕೆ ತಿಳಿಯುತ್ತದೆಯೇ ಎಂದು ಕೇಳಿಕೊಂಡರು. 18 ನಾಯಿಗಳಿಗೆ ಸ್ಕ್ಯಾನರ್‌ನಲ್ಲಿ ಅಲುಗದೆ ಮಲಗುವುದನ್ನು ಕಲಿಸಿ ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಎರಡರಲ್ಲೂ ಒಂದೇ ಕತೆ ಓದಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪರಿಚಿತ ಭಾಷೆಗೆ ನಾಯಿಯ ಮಿದುಳು ಒಂದು ರೀತಿ, ಅಪರಿಚಿತ ಭಾಷೆಗೆ ಇನ್ನೊಂದು ರೀತಿ ಸ್ಪಂದಿಸಿತು. ಅದೇ ಊರಿನ ಆಟಿಲಾ ಆಂಡಿಚ್ ಅವರ ತಂಡ 2016ರಲ್ಲಿ ಹೇಳಿದ್ದು ಇದು: ಹೊಗಳುವ ಶಬ್ದವನ್ನು ಹೊಗಳುವ ದನಿಯಲ್ಲೇ ಆಡಿದರೆ ಮಾತ್ರ ನಾಯಿಯ ಮಿದುಳಿನ ಖುಷಿಯ ಭಾಗ ಚುರುಕಾಗುತ್ತದೆ. ಹೊಗಳಿಕೆಯಲ್ಲದ ಯಾವುದೋ ಶಬ್ದವನ್ನು ಮುದ್ದಾಗಿ ಆಡಿದರೂ, ಮುದ್ದಿನ ಮಾತನ್ನು ಸಪ್ಪೆಯಾಗಿ ಆಡಿದರೂ ಅದು ಮೋಸಹೋಗುವುದಿಲ್ಲ.

ಶಬ್ದ ಕಲಿಯುವುದರಲ್ಲಿ ಎರಡು ಬಾರ್ಡರ್ ಕೋಲಿಗಳ ಹೆಸರು ಪ್ರಪಂಚಕ್ಕೇ ಗೊತ್ತು. ಜರ್ಮನಿಯ ರಿಕೋ 200ಕ್ಕೂ ಹೆಚ್ಚು ವಸ್ತುಗಳನ್ನು ಹೆಸರು ಹೇಳಿದರೆ ತರುತ್ತಿತ್ತು. ಕೇಳದ ಹೆಸರೊಂದನ್ನು ಹೇಳಿದರೆ ರಾಶಿಯಲ್ಲಿ ತಾನು ಕಾಣದ ವಸ್ತುವನ್ನೇ ಆರಿಸಿ ತರುತ್ತಿತ್ತು. ಅಮೆರಿಕದ ಚೇಸರ್ ಕಲಿತ ಆಟಿಕೆಗಳ ಹೆಸರು 1022. ಅದಕ್ಕೆ ಕಲಿಸಿದ ಜಾನ್ ಪಿಲ್ಲಿ ನಿವೃತ್ತ ಮನಶ್ಶಾಸ್ತ್ರದ ಪ್ರಾಧ್ಯಾಪಕರು, ದಿನಕ್ಕೆ ತಾಸುಗಟ್ಟಲೆ ಅದರ ಜೊತೆ ಕುಳಿತು ವರ್ಷಗಟ್ಟಲೆ ಕಲಿಸಿದವರು. ನಿಮ್ಮ ನಾಯಿ ಸಾವಿರ ಹೆಸರು ಕಲಿಯಬೇಕಾಗಿಲ್ಲ, ಎಲ್ಲ ನಾಯಿಗಳಿಗೂ ಅದು ಸಾಧ್ಯವೂ ಇಲ್ಲ. ಆದರೆ ಚೇಸರ್ ಕತೆಯಲ್ಲಿ ನಾವು ಗಮನಿಸಬೇಕಾದದ್ದು ಪಿಲ್ಲಿಯವರು ಕೊಟ್ಟ ಹೊತ್ತು. ಬುದ್ಧಿ ಎಷ್ಟಿದ್ದರೂ ಯಾರೂ ಮಾತಾಡಿಸದಿದ್ದರೆ ಅದು ಮುರುಟುತ್ತದೆ. ದಿನವಿಡೀ ಕಟ್ಟಿಹಾಕಿದ ನಾಯಿ ಬೊಗಳಿದ್ದನ್ನೇ ಬೊಗಳುವುದು, ಒಂದೇ ಸುತ್ತು ತಿರುಗುವುದು, ತನ್ನ ಕಾಲನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು ಹಟದಿಂದಲ್ಲ, ಮಾಡಲು ಬೇರೇನೂ ಇಲ್ಲದ್ದರಿಂದ.

ನಾಯಿಯ ಯೋಗ್ಯತೆಯನ್ನು ಗುರುತಿಸುವುದು ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಾಲದ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಯುದ್ಧದಲ್ಲಿ ಮಣಲೆರ ಎಂಬ ವೀರ ಶೌರ್ಯ ತೋರಿದ. ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರವಿರುವ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಒಬ್ಬ ಯೋಧ ಬಹುಮಾನವೆಂದು ಬೇಡಿ ಪಡೆದ ಪ್ರಾಣಿಯನ್ನು ಇಂದು ಮರಿಯಾಗಿದ್ದಾಗ ಗೋಣಿಚೀಲದಲ್ಲಿ ತುಂಬಿ ಮೀನು ಮಾರುಕಟ್ಟೆಯ ಹಿಂದೆಯೋ ಹೆದ್ದಾರಿಯ ಪಕ್ಕದಲ್ಲೋ ಬಿಟ್ಟು ಬರುವವರೂ ನಮ್ಮಲ್ಲಿದ್ದಾರೆ. ಹೆಣ್ಣುಮರಿಯಾದರಂತೂ ಕೇಳುವುದೇ ಬೇಡ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಹಾಕುವ ಅಥವಾ ಕೂಡಿಹಾಕುವ ನಾಯಿಯನ್ನು ಓಡಾಡಿಸದಿರುವುದನ್ನು ನಾಯಿಯ ಹೆಸರೆತ್ತಿಯೇ ಅದೇ ಪಟ್ಟಿಗೆ ಸೇರಿಸಿದೆ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದೂ ಅಪರಾಧವೇ.

‘ಬಿಟ್ಟರೆ ಯಾರನ್ನಾದರೂ ಕಚ್ಚಿದರೆ?’ ‘ಕಟ್ಟದಿದ್ದರೆ ಚಿರತೆ ಒಯ್ಯುತ್ತದಲ್ಲ?’ ಎಂದು ನೀವು ಕೇಳುವುದು ನನಗೆ ಗೊತ್ತು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೀದಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಪಾಗಾರದ ಒಳಗೆ ಬಿಡಿ, ಹೊರಗೆ ಹಗ್ಗ ಹಿಡಿದು ಕರೆದೊಯ್ಯಿರಿ. ಇನ್ನು ಚಿರತೆಗೆ ಅಂಗಳದಲ್ಲಿ ಕಟ್ಟಿದ ನಾಯಿಗಿಂತ ಸುಲಭದ ಊಟ ಇಲ್ಲ. ಮಹಾರಾಷ್ಟ್ರದ ಅಕೋಲೆಯಲ್ಲಿ ವಿದ್ಯಾ ಆತ್ರೇಯ ಅವರ ತಂಡ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ಮೊದಲ ಸ್ಥಾನ ನಾಯಿಯದೇ ಆಗಿತ್ತು. ನಮ್ಮ ಗುಡ್ಡದಂಚಿನ ಊರುಗಳಲ್ಲಿ ರಾತ್ರಿ ಸರಪಳಿಯಲ್ಲಿರುವ ನಾಯಿ ಓಡಲಾರದು, ಅವಿತುಕೊಳ್ಳಲಾರದು. ಅದು ಮನೆಗೆ ಕಾವಲಾಗುವ ಬದಲು ಚಿರತೆಯನ್ನು ಅಂಗಳಕ್ಕೆ ಕರೆಯುತ್ತದೆ. ಕತ್ತಲಾದ ಮೇಲೆ ಅದರ ಜಾಗ ಜಗುಲಿಯ ಒಳಗೆ ಅಥವಾ ಬಾಗಿಲಿರುವ ಗೂಡಿನಲ್ಲಿ. ಬೊಗಳಿ ಎಬ್ಬಿಸುವ ಕೆಲಸವನ್ನು ಅದು ಅಲ್ಲಿಂದಲೂ ಮಾಡುತ್ತದೆ.

ಈಗ ನನ್ನ ಕೋರಿಕೆಗಳು. ಇವಕ್ಕೆ ದುಡ್ಡು ಹೆಚ್ಚು ಬೇಡ, ಮನಸ್ಸು ಬೇಕು.

ಬೆಳಿಗ್ಗೆ, ಸಂಜೆ ಅರ್ಧರ್ಧ ತಾಸು ನಾಯಿಯನ್ನು ಹೊರಗೆ ಕರೆದೊಯ್ಯಿರಿ. ಕಡಲತೀರವಿದೆ, ಗದ್ದೆಯ ಬದುವಿದೆ, ಬೇಣವಿದೆ. ಅದು ಮೂಸಲು ನಿಂತರೆ ನೀವೂ ನಿಲ್ಲಿ. ಮಳೆಗಾಲದಲ್ಲಿ ಹೊರಗೆ ಹೋಗಲಾಗದ ದಿನ ಅನ್ನದ ಜೊತೆಯ ಮೀನಿನ ಚೂರನ್ನು ಮುಳ್ಳು ತೆಗೆದು ತೆಂಗಿನ ಸಿಪ್ಪೆಯ ರಾಶಿಯಲ್ಲಿ ಅಡಗಿಸಿಟ್ಟು ಹುಡುಕಲು ಬಿಡಿ.

ಮನೆಯವರೆಲ್ಲ ಕುಳಿತು ‘ಬಾ’, ‘ಕೂರು’, ‘ಬೇಡ’ ಎನ್ನಲು ಯಾವ ಶಬ್ದ ಬಳಸುವುದೆಂದು ಒಮ್ಮೆ ಗೊತ್ತುಮಾಡಿಕೊಳ್ಳಿ. ಕೊಂಕಣಿಯಾಗಲಿ ಕನ್ನಡವಾಗಲಿ, ಒಬ್ಬೊಬ್ಬರದು ಒಂದೊಂದಾಗದಿದ್ದರೆ ನಾಯಿ ಬೇಗ ಕಲಿಯುತ್ತದೆ. ಕಲಿತಾಗ ಬಾಯಿತುಂಬ ಹೊಗಳಿ. ಕಲಿಯದಿದ್ದರೆ ಹೊಡೆಯಬೇಡಿ, ಮಕ್ಕಳ ಕೈಯಲ್ಲೂ ಹೊಡೆಸಬೇಡಿ.

ಹಿಮದ ನಾಡಿನ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳನ್ನು ಈ ಸೆಕೆಗೆ ತರಬೇಡಿ. ದಟ್ಟ ಕೂದಲಿನ ಆ ಪ್ರಾಣಿ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ಪಡುವ ಪಾಡು ನೋಡಲಾಗದು. ನಮ್ಮದೇ ಮುಧೋಳ ತಳಿಗೆ 2005ರಲ್ಲಿ ಅಂಚೆ ಇಲಾಖೆ ಚೀಟಿ ತಂದು ಗೌರವಿಸಿದೆ. ಆದರೆ ಅದೂ ಬಯಲಲ್ಲಿ ಓಡಬೇಕಾದ ನಾಯಿ, ಕಟ್ಟಿಹಾಕಲು ಅಲ್ಲ. ನಿಮಗೆ ನಾಯಿ ಬೇಕಾದರೆ ನಿಮ್ಮ ಕೇರಿಯಲ್ಲೇ ಹುಟ್ಟಿದ ಮರಿಯೊಂದನ್ನು ತನ್ನಿ, ಹೆಣ್ಣಾದರೂ ಸರಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಬೇಡದ ಮರಿಗಳನ್ನು ದಾರಿಯಲ್ಲಿ ಬಿಟ್ಟು, ಮುಂದಿನ ವರ್ಷ ಬೀದಿನಾಯಿ ಹೆಚ್ಚಾಯಿತೆಂದು ನಗರಸಭೆಗೆ, ಪುರಸಭೆಗೆ ಅರ್ಜಿ ಕೊಡುವುದರಲ್ಲಿ ಅರ್ಥವಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ರೇಬೀಸ್ ಲಸಿಕೆ. ಮರಿಗೆ ಮೂರು ತಿಂಗಳಾದಾಗ ಮೊದಲ ಸಲ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಕಾಳಿ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಗೋವಾ, ಮನೆನಾಯಿ ಬೀದಿನಾಯಿ ಎನ್ನದೆ ವರ್ಷ ವರ್ಷ ಲಸಿಕೆ ಹಾಕಿಸಿ, 2021ರಲ್ಲಿ ತಾನು ರೇಬೀಸ್ ನಿಯಂತ್ರಿಸಿದ ರಾಜ್ಯವೆಂದು ಘೋಷಿಸಿಕೊಂಡಿತು. ಅಲ್ಲಿ ಆದದ್ದು ಗಡಿಯ ಈಚೆ ಆಗದಿರಲು ಕಾರಣವಿಲ್ಲ. ಯಾವುದೇ ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕಾಲು ತಾಸು ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮಂತ್ರ ಎಂದು ಹೊತ್ತು ಕಳೆಯಬೇಡಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧ ಇಲ್ಲವೆಂದೇ ತಿಳಿಯಿರಿ.

ನಾಯಿ ಜಾಣ ಎಂಬುದಕ್ಕೆ ನಿಮಗೆ ವಿಜ್ಞಾನಿಗಳ ಸಾಕ್ಷಿ ಬೇಕಾಗಿರಲಿಲ್ಲ, ನೀವು ದಿನಾ ನೋಡುತ್ತೀರಿ. ಆ ಜಾಣತನಕ್ಕೆ ತಕ್ಕ ಬದುಕನ್ನು ಕೊಡುವ ಕೆಲಸ ನಿಮ್ಮದು. ಈ ಪತ್ರ ಓದಿದ ಮೇಲೆ ಬೇರೇನೂ ಮಾಡಲಾಗದಿದ್ದರೆ ಇಷ್ಟಾದರೂ ಮಾಡಿ: ಇಂದು ಸಂಜೆ ನಿಮ್ಮ ನಾಯಿಯನ್ನು ಸರಪಳಿಯಿಂದ ಬಿಡಿಸಿ ಅರ್ಧ ತಾಸು ಜೊತೆಗೆ ನಡೆಯಿರಿ, ಈ ವಾರವೇ ಪಶು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ ಬನ್ನಿ.

ಇಂತಿ,
ನಿಮ್ಮ ತಾಲ್ಲೂಕಿನವನೇ ಆದ ಒಬ್ಬ ನಾಯಿ ಸಾಕಿದವ